ನೆಲದ ಏರುತಗ್ಗನ್ನು ಓದಿದ ವೈದ್ಯ: ಡಾಕ್ಟರ್ ಅಲಿಸ್ಟರ್ ಮೆಕೆಂಝಿ

ಕಳೆದ ವರ್ಷ ಮೇಲಿನ ತರಗತಿಗಳ ಮಕ್ಕಳೊಡನೆ ನಾವು ಪೈಠಣಕ್ಕೆ ಪ್ರವಾಸ ಹೋದುದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಸಾತವಾಹನರ ರಾಜಧಾನಿಯಾಗಿದ್ದ ಪ್ರತಿಷ್ಠಾನನಗರವನ್ನೂ, ಗೋದಾವರಿಗೆ ಅಡ್ಡಲಾಗಿ ಕಟ್ಟಿರುವ ಜಾಯಕವಾಡಿ ಅಣೆಕಟ್ಟನ್ನೂ ಕಾಣುವುದು ನಮ್ಮ ಉದ್ದೇಶವಾಗಿದ್ದಿತು. ದಾರಿಯಲ್ಲಿ ಬಿಡಕಿನ್ ಬಂದಿತು. ಹತ್ತಿ ಬೆಳೆಯುವ ಕರಿಮಣ್ಣಿನ ಹೊಲಗಳ ನಡುವೆ, ದಿಲ್ಲಿ–ಮುಂಬಯಿ ಕೈಗಾರಿಕಾ ಪಥಕ್ಕೆ ಸೇರಿದ ಹೊಸ ಕೈಗಾರಿಕಾ ನಗರಿಯು ಅಲ್ಲಿ ತಲೆಯೆತ್ತುತ್ತಿದೆ. ಗೆರೆ ಎಳೆದಂತಹ ರಸ್ತೆಗಳು, ಯಂತ್ರಗಳು ಹೆರೆದು ಸಮಮಾಡಿದ ನೆಲ. ಕಿಟಕಿಯ ಬಳಿ ಕುಳಿತಿದ್ದ ಬಾಲಕನೊಬ್ಬನು ಅದನ್ನು ನೋಡಿ, ಇಷ್ಟು ಸಮತಟ್ಟಾದ ನೆಲ ನಮಗೆ ದೊರೆತಿದ್ದರೆ ಎಂತಹ ಆಟದ ಬಯಲಾಗುತ್ತಿದ್ದಿತೆಂದು ಹಲುಬಿದನು. ಸಮತಟ್ಟಾದ ನೆಲವನ್ನು ಕಂಡರೆ ಬೇಸರಗೊಳ್ಳುವ ಆಟವೂ ಒಂದುಂಟು ಎಂದು ನಾವು ಹೇಳಿದಾಗ ಯಾರೂ ನಂಬಲಿಲ್ಲ. ಆ ಆಟದ ನೆಲವನ್ನು ರೂಪಿಸಿ ಲೋಕಪ್ರಸಿದ್ಧನಾದ ಒಬ್ಬನ ಜೀವನವನ್ನು ವಾರ್ಷಿಕ ಸಂಚಿಕೆಗೆ ಬರೆದುಕೊಡುವುದಾಗಿ ಅಂದೇ ಮಾತು ಕೊಟ್ಟೆವು. ಆ ಮಾತನ್ನು ಇಲ್ಲಿ ಸಲ್ಲಿಸುತ್ತಿದ್ದೇವೆ.

ಆಟದ ಹೆಸರು ಗಾಲ್ಫ್. ನಮ್ಮ ಊರ ಕಡೆ ಚಿಣಿಪಣಿ ಎಂದೂ ಬೇರೆಡೆ ಚಿಣ್ಣಿದಾಂಡು ಎಂದೂ ಕರೆಯುವ ಆಟವನ್ನು ಆಡಿದವರಿಗೆ ಇದರ ಅರ್ಧ ತಿಳಿದಂತೆಯೇ ಸರಿ. ಕೋಲಿನಿಂದ ಹೊಡೆದು ವಸ್ತುವನ್ನು ದೂರಕ್ಕೆ ಚಿಮ್ಮಿಸುವುದು ಎರಡರಲ್ಲಿಯೂ ಉಂಟು. ಆದರೆ ಗಾಲ್ಫ್ ಆಟದಲ್ಲಿ ಚೆಂಡನ್ನು ಹಿಂದಕ್ಕೆ ತರುವವರಿಲ್ಲ. ಆಟಗಾರನೇ ಅದರ ಹಿಂದೆ ನಡೆಯಬೇಕು. ಸುಮಾರು 46 ಗ್ರಾಂ ತೂಕದ ಚೆಂಡನ್ನು ನಾಲ್ಕೂಕಾಲು ಅಂಗುಲ ಅಗಲದ ಕುಳಿಗೆ ಆದಷ್ಟು ಕಡಮೆ ಹೊಡೆತಗಳಲ್ಲಿ ಸೇರಿಸಬೇಕು. ಅಂತಹ ಕುಳಿಗಳು 18. ಒಂದರಿಂದ ಮತ್ತೊಂದಕ್ಕೆ ಸಾಗಿ ಎಲ್ಲವನ್ನೂ ಮುಗಿಸುವಷ್ಟರಲ್ಲಿ ನಾಲ್ಕು ಮೈಲಿಗಳ ಸುತ್ತಾಗುತ್ತದೆ. ನಡುವೆ ಹುಲ್ಲುಹಾದಿ, ಬದಿಗೆ ಒರಟು ಹುಲ್ಲು ಮತ್ತು ಮರಗಳು, ಅಲ್ಲಲ್ಲಿ ಬಂಕರ್ ಎಂಬ ಮರಳುಗುಳಿ, ಕೊನೆಗೆ ಕುಳಿಯಿರುವ ನುಣುಪಾದ ಹಸುರುಹಾಸು. ಇಷ್ಟಕ್ಕೆ ನೂರಕ್ಕೂ ಮಿಕ್ಕಿದ ಎಕರೆ ನೆಲ ಬೇಕಾಗುವುದರಿಂದ ಇದು ಹಣವಂತರ ಆಟವಾಗಿ ಉಳಿದುದರಲ್ಲಿ ಆಶ್ಚರ್ಯವಿಲ್ಲ. ನಮ್ಮ ದೇಶಕ್ಕೆ ಇದನ್ನು ಆಂಗ್ಲರು ತಂದರು. 1829ರಲ್ಲಿ ಕಲ್ಕತ್ತೆಯಲ್ಲಿಯೂ 1876ರಲ್ಲಿ ಬೆಂಗಳೂರಿನಲ್ಲಿಯೂ ಗಾಲ್ಫ್ ಸಂಘಗಳು ಹುಟ್ಟಿದವು. ಕೋಲಾರದ ಚಿನ್ನದ ಗಣಿಗಳ ದೊರೆಗಳೂ ಇದನ್ನು ಆಡುತ್ತಿದ್ದರು. ಅವರ ಚೀಲಗಳನ್ನು ಹೊತ್ತು ಬಿಸಿಲಿನಲ್ಲಿ ನಡೆಯುತ್ತಿದ್ದವರು ಮಾತ್ರ ನಮ್ಮವರು.

ಕ್ರಿಕೆಟ್ಟಿನ ಅಂಗಣವನ್ನು ಅಳತೆಪಟ್ಟಿ ಹಿಡಿದು ಯಾರು ಬೇಕಾದರೂ ಗುರುತಿಸಬಹುದು. ಗಾಲ್ಫ್ ನೆಲಕ್ಕೆ ಹಾಗೆ ನಿಗದಿಯಾದ ಆಕಾರವಿಲ್ಲ, ಒಂದರಂತೆ ಮತ್ತೊಂದಿಲ್ಲ. ಆದುದರಿಂದಲೇ ಅದನ್ನು ಯೋಚಿಸಿ ರೂಪಿಸುವವನೊಬ್ಬನು ಬೇಕಾಗುತ್ತಾನೆ. ಕವಿತೆಗೆ ಕವಿಯಿದ್ದಂತೆ ನೆಲಕ್ಕೆ ಆತನು. ಆ ವಿದ್ಯೆಯಲ್ಲಿ ಅಗ್ರಗಣ್ಯರೆಂದು ಇಂದಿಗೂ ಎಣಿಸಲ್ಪಡುವ ಕೆಲವರೊಳಗೆ ಅಲಿಸ್ಟರ್ ಮೆಕೆಂಝಿ ಒಬ್ಬನು.

ಮೆಕೆಂಝಿ ಎಂದೊಡನೆ ನಮ್ಮ ಕೈಫಿಯತ್ತುಗಳನ್ನು ಸಂಗ್ರಹಿಸಿದ ಕರ್ನಲ್ ಕಾಲಿನ್ ಮೆಕೆಂಝಿಯು ಚರಿತ್ರೆಯ ವಿದ್ಯಾರ್ಥಿಗಳಿಗೆ ನೆನಪಾಗಬಹುದು. ಟಿಪ್ಪುವಿನ ಪತನದ ತರುವಾಯ ಮೈಸೂರು ಸೀಮೆಯನ್ನು ಅಳೆದ ಆ ಮಹನೀಯನು 1821ರಲ್ಲಿಯೇ ತೀರಿಕೊಂಡನು. ಈತನು ಬೇರೆ. ಇಬ್ಬರ ಮೂಲವೂ ಸ್ಕಾಟ್ಲೆಂಡ್, ಇಬ್ಬರೂ ನೆಲವನ್ನು ಅಳೆದವರು ಎಂಬುದಷ್ಟೇ ಹೋಲಿಕೆ.

ನಮ್ಮ ಕಥಾನಾಯಕನು 1870ನೆಯ ಇಸವಿ ಆಗಸ್ಟ್ 30ರಂದು ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದ ನಾರ್ಮನ್‌ಟನ್ ಎಂಬ ಊರಿನಲ್ಲಿ ಜನಿಸಿದನು. ತಂದೆ ಸ್ಕಾಟ್ಲೆಂಡಿನ ಬೆಟ್ಟನಾಡಿನಿಂದ ಬಂದು ನೆಲೆಸಿದ ವೈದ್ಯ. ಬಾಲಕನು ಬೇಸಗೆಯ ದಿನಗಳನ್ನು ಪೂರ್ವಿಕರ ಆ ಬೆಟ್ಟನಾಡಿನ ಕಡಲ ತೀರದಲ್ಲಿ ಕಳೆಯುತ್ತಿದ್ದನು. ಹುಟ್ಟಿದ ನಾಡೊಂದು, ಮನೆಮಾತಿನ ನಾಡೊಂದು ಎಂಬ ಸ್ಥಿತಿ ನಮ್ಮ ಶಾಲೆಯ ಮಕ್ಕಳಿಗೆ ಹೊಸದಲ್ಲ. ಮುಂದೆ ಆತನು ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ಓದಿ, ತಂದೆಯಂತೆಯೇ ವೈದ್ಯನಾದನು. ಗಾಲ್ಫ್ ಆಟದ ಹುಚ್ಚು ಹಿಡಿದಿದ್ದಿತಾದರೂ ಆಟಗಾರನಾಗಿ ಆತನು ಬಹುಕಾಲ ಸಾಧಾರಣನೇ. ಇದನ್ನು ನೀವು ನೆನಪಿನಲ್ಲಿಡಬೇಕು. ಚೆನ್ನಾಗಿ ಆಡಲಾರದವನ ಕಷ್ಟವೇನೆಂಬುದನ್ನು ಆತನು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ.

1899ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಬೋಯರ್ ಯುದ್ಧವು ಆರಂಭವಾಯಿತು. ಗಾಂಧೀಜಿಯವರು ಭಾರತೀಯರ ದಳವೊಂದನ್ನು ಕಟ್ಟಿ ಗಾಯಾಳುಗಳನ್ನು ಹೊತ್ತುದು ಈ ಯುದ್ಧದಲ್ಲಿಯೇ ಎಂಬುದನ್ನು ನೀವು ಓದಿದ್ದೀರಿ. ಮೆಕೆಂಝಿಯೂ ಆಂಗ್ಲ ಸೈನ್ಯದ ಶಸ್ತ್ರವೈದ್ಯನಾಗಿ ಅಲ್ಲಿಗೆ ಹೋದನು. ಬೋಯರರು ಡಚ್ ಮೂಲದ ಒಕ್ಕಲಿಗರು. ಅವರಿಗೆ ಸೈನಿಕ ಶಿಕ್ಷಣವಿರಲಿಲ್ಲ. ಎದುರಾಳಿಗೆ ಹೋಲಿಸಿದರೆ ಜನಬಲವೂ ಅಲ್ಪ. ಆದರೂ ಮಹಾಸಾಮ್ರಾಜ್ಯದ ಸೈನ್ಯವನ್ನು ಅವರು ತಿಂಗಳುಗಟ್ಟಲೆ ತಡೆದು ನಿಲ್ಲಿಸಿದರು. ಆ ಗುಟ್ಟು ನೆಲದಲ್ಲಿದ್ದಿತು. 1899ರ ಡಿಸೆಂಬರಿನಲ್ಲಿ ಮಾಗರ್ಸ್‌ಫಾಂಟೀನ್ ಎಂಬಲ್ಲಿ ನಡೆದುದನ್ನು ನೋಡಿರಿ. ಶತ್ರುವು ಗುಡ್ಡದ ಮೇಲಿರುವನೆಂದು ಆಂಗ್ಲರು ಗುಡ್ಡಕ್ಕೆ ಫಿರಂಗಿ ಹೊಡೆದರು. ಬೋಯರರಾದರೋ ಗುಡ್ಡದ ಬುಡದ ಬಯಲಿನಲ್ಲಿ ಕಂದಕ ತೋಡಿಕೊಂಡು ಕುಳಿತಿದ್ದರು. ಬೆಳಗಿನ ಜಾವದಲ್ಲಿ ಮುನ್ನುಗ್ಗಿದ ಸೈನಿಕರಿಗೆ ಕಂದಕವು ಕಾಣುವಷ್ಟರಲ್ಲಿ ಕಾಲ ಮೀರಿದ್ದಿತು.

ಗಾಯಗೊಂಡವರಿಗೆ ಔಷಧ ಹಚ್ಚುತ್ತಿದ್ದ ವೈದ್ಯನು ಇಂತಹ ಸಂಗತಿಗಳನ್ನು ಮನಸ್ಸಿನಲ್ಲಿ ತಿರುವಿ ಹಾಕಿದನು. ಕಣ್ಣು ಎಲ್ಲಿ ಮೋಸಹೋಗುತ್ತದೆ? ಮನುಷ್ಯನು ಅಗೆದ ಕುಳಿಯು ಯಾವಾಗ ಪ್ರಕೃತಿಯದೇ ಎಂಬಂತೆ ಕಾಣುತ್ತದೆ? ಬೋಯರರ ಹುಸಿ ಕಂದಕಗಳು ನಿಜವಾಗಿ ತೋರುತ್ತಿದ್ದವು, ನಿಜವಾದವು ಕಾಣುತ್ತಲೇ ಇರಲಿಲ್ಲ. ಶತ್ರುವಿನಿಂದ, ಅದರಲ್ಲಿಯೂ ತನ್ನ ಜನರು ಹಳ್ಳಿಗರೆಂದು ಹಗುರಾಗಿ ಕಂಡವರಿಂದ ಪಾಠ ಕಲಿಯಲು ದೊಡ್ಡ ಮನಸ್ಸು ಬೇಕು. ಗಾಲ್ಫ್ ನೆಲದ ನಿರ್ಮಾಣ ಮತ್ತು ಸೈನ್ಯದ ಮರೆಮಾಚುವ ವಿದ್ಯೆ ಎರಡೂ ಒಂದೇ ಬೇರಿನಿಂದ ಹುಟ್ಟಿದವೆಂಬುದನ್ನು ಆತನು ಮುಂದೆ ಬಹಿರಂಗವಾಗಿಯೇ ಒಪ್ಪಿಕೊಂಡನು.

ಯುದ್ಧದಿಂದ ಮರಳಿ ಲೀಡ್ಸ್ ನಗರದಲ್ಲಿ ವೈದ್ಯವೃತ್ತಿಯನ್ನು ಮುಂದುವರಿಸಿದನು. 1907ರಲ್ಲಿ ಗೆಳೆಯರೊಡನೆ ಸೇರಿ ಅದೇ ನಗರದ ಹೊರವಲಯದಲ್ಲಿ ಆಲ್ವುಡ್ಲಿ ಎಂಬ ಸಂಘವನ್ನು ಸ್ಥಾಪಿಸಿ, ಅದರ ನೆಲವನ್ನು ತಾನೇ ರೂಪಿಸಲು ಹೊರಟನು. ಅಂದಿನ ಪದ್ಧತಿಯೆಂದರೆ ನೇರವಾದ ದಿಬ್ಬ, ಚೌಕವಾದ ಗುಳಿ, ರೊಟ್ಟಿಯಂತೆ ಚಪ್ಪಟೆಯಾದ ಹಸುರುಹಾಸು. ಮೆಕೆಂಝಿಯ ನಕ್ಷೆಯಲ್ಲಿ ಎಲ್ಲವೂ ಅಲೆಅಲೆಯಾಗಿದ್ದಿತು. ಸಂಘದವರು ಹೌಹಾರಿದರು. ಈ ಕ್ಷೇತ್ರದಲ್ಲಿ ಅನುಭವಿಯೆನಿಸಿದ ಹ್ಯಾರಿ ಕೋಲ್ಟ್ ಎಂಬಾತನನ್ನು ಕರೆಸಿ ಅಭಿಪ್ರಾಯ ಕೇಳಿದರು. ಬಂದಾತನು ವೈದ್ಯನ ಆಲೋಚನೆಗಳು ತನ್ನವೇ ಆಗಿರುವುದನ್ನು ಕಂಡು ಮೆಚ್ಚಿದನು. ಕೆಲಸ ಮುಂದುವರಿಯಿತು. ಸಮೀಪದ ಮೂರ್‌ಟೌನ್ ಸಂಘದ ನೆಲವೂ ಮರುವರ್ಷಗಳಲ್ಲಿ ಆತನ ಕೈಯಿಂದಲೇ ಸಿದ್ಧವಾಯಿತು. ಅಲ್ಲಿ ಹಣದ ಕೊರತೆಯಿದ್ದುದರಿಂದ ಮೊದಲು ಬಂಡೆಯ ಮೇಲೆ ಒಂದೇ ಒಂದು ಕುಳಿಯ ನೆಲವನ್ನು ಮಾಡಿ ತೋರಿಸಿದರು. ಅದನ್ನು ಕಂಡವರು ಉಳಿದುದಕ್ಕೆ ಹಣ ಕೊಟ್ಟರು. ನಮ್ಮೂರ ಜಾತ್ರೆಯಲ್ಲಿ ಮಿಠಾಯಿಯವನು ಮೊದಲು ಒಂದು ಚೂರನ್ನು ಕೈಗಿಡುವಂತೆ!

ಆತನ ಹೆಸರು ಆಂಗ್ಲನಾಡಿನ ಆಚೆಗೆ ಹಬ್ಬಿದುದು 1914ರಲ್ಲಿ. ಅಮೆರಿಕದಲ್ಲಿ ಕಟ್ಟಲಿದ್ದ ಲೀಡೊ ಎಂಬ ನೆಲಕ್ಕಾಗಿ ಒಂದು ಕುಳಿಯ ವಿನ್ಯಾಸವನ್ನು ಕೋರಿ ಪತ್ರಿಕೆಯೊಂದು ಸ್ಪರ್ಧೆ ನಡೆಸಿತು. ಮೊದಲ ಬಹುಮಾನ ಈ ವೈದ್ಯನಿಗೆ ಬಂದಿತು. ಆತನ ಚಿತ್ರದಲ್ಲಿ ಮೊದಲ ಹೊಡೆತದ ಸ್ಥಳದಿಂದ ಹಸುರುಹಾಸಿಗೆ ಐದು ದಾರಿಗಳಿದ್ದವು. ಬಲಶಾಲಿಯೂ ಧೈರ್ಯಶಾಲಿಯೂ ಆದವನು ಮರಳು ನೀರುಗಳ ಮೇಲೆ ನೇರವಾಗಿ ಹಾರಿಸಿ ಬೇಗ ಸೇರಬಹುದು, ತಪ್ಪಿದರೆ ಶಿಕ್ಷೆ. ಮುದುಕನೋ ಹೊಸಬನೋ ಆದರೆ ಸುತ್ತುದಾರಿ ಹಿಡಿದು ಒಂದು ಹೊಡೆತ ಹೆಚ್ಚಾದರೂ ಅಪಾಯವಿಲ್ಲದೆ ತಲುಪಬಹುದು.

ಈ ಒಂದು ಚಿತ್ರದಲ್ಲಿ ಆತನ ತತ್ತ್ವವೆಲ್ಲ ಅಡಗಿದೆಯೆಂದು ನಮಗೆ ತೋರುತ್ತದೆ. ಅಂದಿನ ಎಷ್ಟೋ ನಿರ್ಮಾಪಕರು ಮರಳುಗುಳಿಯನ್ನು ಶಿಕ್ಷೆಯ ಸಾಧನವೆಂದೇ ಭಾವಿಸಿದ್ದರು. ಸರಿಯಾಗಿ ಹೊಡೆಯಲಾರದವನು ಅದರಲ್ಲಿ ಬಿದ್ದು ಒದ್ದಾಡಲಿ ಎಂಬುದು ಅವರ ನ್ಯಾಯ. ಪ್ರವೀಣನು ಅದನ್ನು ಲೀಲೆಯಿಂದ ದಾಟುತ್ತಿದ್ದನು. ದುರ್ಬಲನು ಪ್ರತಿ ಸಲವೂ ಬೀಳುತ್ತಿದ್ದನು. ಮೆಕೆಂಝಿಯ ಬಂಕರ್ ದುರ್ಬಲನ ದಾರಿಯಲ್ಲಿ ಇರುತ್ತಿರಲಿಲ್ಲ. ಅದು ಪ್ರವೀಣನ ಆಸೆಯ ದಾರಿಯಲ್ಲಿರುತ್ತಿದ್ದಿತು. ಹತ್ತಿರದ ದಾರಿಗೆ ಆಸೆಪಡುವವನು ಅದರ ಬೆಲೆಯನ್ನು ತೆರಲೂ ಸಿದ್ಧನಾಗಬೇಕು. ಪ್ರಶ್ನೆಪತ್ರಿಕೆಗಳನ್ನು ಬರೆಯುವ ಕೆಲಸ ಪ್ರತಿವರ್ಷವೂ ನಮ್ಮ ಪಾಲಿಗೆ ಬರುತ್ತದೆ. ಹಿಂದಿನ ಸಾಲಿನ ಹುಡುಗನೂ ಬರೆಯಲು ಕೈಯಿಕ್ಕಬಹುದಾದ, ಮೊದಲ ಸಾಲಿನವಳೂ ತಲೆ ಕೆರೆದುಕೊಳ್ಳಬೇಕಾದ ಪತ್ರಿಕೆಯನ್ನು ರಚಿಸುವುದು ಎಷ್ಟು ಕಷ್ಟವೆಂದು ನಾವು ಬಲ್ಲೆವು. ನಮ್ಮ ಪತ್ರಿಕೆಗಳಲ್ಲಿ ಅದು ಸಾಧಿಸಿದುದು ವಿರಳ.

ಬಹುಮಾನ ಬಂದ ವರ್ಷವೇ ಮಹಾಯುದ್ಧ ತೊಡಗಿತು. ಮೆಕೆಂಝಿಯು ಮೊದಲು ಸೈನ್ಯದ ವೈದ್ಯನಾಗಿಯೂ, ಅನಂತರ ಎಂಜಿನಿಯರುಗಳ ದಳದಲ್ಲಿ ಮರೆಮಾಚುವ ವಿದ್ಯೆಯ ಬೋಧಕನಾಗಿಯೂ ಸೇವೆ ಸಲ್ಲಿಸಿದನು. ಕಂದಕವನ್ನು ಕಾಣದಂತೆ ತೋಡಿದರೆ ಎಷ್ಟೋ ಜನರ ಪ್ರಾಣ ಉಳಿಯುತ್ತದೆಂದು ಮೇಲಧಿಕಾರಿಗಳಿಗೆ ಒತ್ತಿ ಹೇಳುತ್ತಿದ್ದನು. ಯುದ್ಧ ಮುಗಿದ ಮೇಲೆ ವೈದ್ಯವೃತ್ತಿಗೆ ಹಿಂದಿರುಗಲಿಲ್ಲ. ತಾನು ವೈದ್ಯವನ್ನು ಬಿಟ್ಟೆನೆಂದು ಆತನಿಗೆ ಅನಿಸಲಿಲ್ಲವೆಂಬುದು ಮಾತ್ರ ಸ್ವಾರಸ್ಯ. ಮನೆಯೊಳಗೆ ಕುಳಿತು ಕೊರಗುವ ರೋಗಿಗಳನ್ನು ಹೊರಗಿನ ಗಾಳಿಯಲ್ಲಿ ನಡೆಸಿ, ನಗಿಸಿ, ತಮ್ಮ ಚಿಂತೆಯನ್ನು ಮರೆಯುವಂತೆ ಮಾಡುವ ಆಟವು ಸೀಸೆಯ ಔಷಧಕ್ಕಿಂತ ಮೇಲೆಂಬುದು ಆತನ ದೃಢವಾದ ನಂಬಿಕೆಯಾಗಿದ್ದಿತು. 1920ರಲ್ಲಿ ಪ್ರಕಟವಾದ ಆತನ ಸಣ್ಣ ಪುಸ್ತಕವೊಂದರಲ್ಲಿ ಒಳ್ಳೆಯ ನೆಲದ ಲಕ್ಷಣಗಳನ್ನು 13 ಸೂತ್ರಗಳಾಗಿ ಹೇಳಿದ್ದಾನೆ. ಅವೆಲ್ಲವನ್ನೂ ಇಲ್ಲಿ ಪಟ್ಟಿಮಾಡುವುದು ಅನಾವಶ್ಯಕ. ಕೃತಕವಾದುದೆಲ್ಲವೂ ಪ್ರಕೃತಿಯಿಂದ ಬೇರೆಯಾಗಿ ಕಾಣಬಾರದು, ಚೆಂಡನ್ನು ಹುಡುಕುವ ತಾಪತ್ರಯ ಇರಬಾರದು, ಅತಿ ಸಾಧಾರಣನೂ ಸೋಲುತ್ತಲೇ ಸಂತೋಷಪಡುವಂತಿರಬೇಕು ಎಂಬವು ಅವುಗಳ ತಿರುಳು.

ಆತನ ಗುರುಪೀಠವೆಂದರೆ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್. ಕಡಲ ತೀರದ ಆ ಪ್ರಾಚೀನ ನೆಲವನ್ನು ಯಾವ ನಿರ್ಮಾಪಕನೂ ಯೋಜಿಸಿ ಮಾಡಿದುದಲ್ಲ. ಗಾಳಿಯು ಮರಳನ್ನು ದಿಬ್ಬವಾಗಿಸಿತು. ಮೊಲಗಳು ಹುಲ್ಲನ್ನು ಮೇದು ನುಣುಪಾಗಿಸಿದವು. ಚಳಿಗಾಳಿಗೆ ಮರೆಯಾಗಿ ಕುರಿಗಳು ಮಲಗಿದ ತಗ್ಗುಗಳೇ ಬಂಕರುಗಳಾದವೆಂದು ಹಿರಿಯರು ಹೇಳುತ್ತಾರೆ. ಮೆಕೆಂಝಿಯು ಅದನ್ನು ಅಡಿಅಡಿಯಾಗಿ ಅಳೆದು, 1924ರಲ್ಲಿ ಪ್ರಸಿದ್ಧವಾದ ನಕ್ಷೆಯೊಂದನ್ನು ಬರೆದನು. ಅದರ ಪ್ರತಿಗಳು ಇಂದಿಗೂ ಗಾಲ್ಫ್ ಪ್ರಿಯರ ಮನೆಗಳ ಗೋಡೆಗಳಲ್ಲಿ ತೂಗುತ್ತಿವೆ. ಸೇಂಟ್ ಆಂಡ್ರೂಸಿನ ಇನ್ನೊಂದು ವಿಶೇಷವನ್ನೂ ಹೇಳಬೇಕು. ಆ ನೆಲ ಯಾವ ಸಿರಿವಂತನ ಸ್ವತ್ತೂ ಅಲ್ಲ, ಊರಿನದು. ಭಾನುವಾರಗಳಲ್ಲಿ ಸಾಮಾನ್ಯವಾಗಿ ಆಟ ನಿಂತು, ಊರ ಜನರು ಮಕ್ಕಳನ್ನೂ ನಾಯಿಗಳನ್ನೂ ಕರೆದುಕೊಂಡು ಅಲ್ಲಿ ತಿರುಗಾಡುತ್ತಾರೆ.

ಇಲ್ಲಿಂದ ಮುಂದೆ ಆತನ ಬಾಳು ಹಡಗಿನಲ್ಲಿಯೇ ಕಳೆಯಿತೆನ್ನಬಹುದು. 1926ರಲ್ಲಿ ಆಸ್ಟ್ರೇಲಿಯಕ್ಕೆ ಹೋದನು. ಮೆಲ್ಬರ್ನ್ ನಗರದ ಮರಳುನೆಲದಲ್ಲಿ ಒಂದು ಅದ್ಭುತವಾದ ಯೋಜನೆಯನ್ನು ಹಾಕಿಕೊಟ್ಟು, ಕೆಲಸವನ್ನು ಸ್ಥಳೀಯ ಆಟಗಾರನೊಬ್ಬನಿಗೂ ಹುಲ್ಲು ನೋಡಿಕೊಳ್ಳುವ ಮೇಸ್ತ್ರಿಗೂ ಒಪ್ಪಿಸಿ ಹೊರಟನು. ಅದು ಆಟಕ್ಕೆ ತೆರೆದುದು 1931ರಲ್ಲಿ. ಯೋಜಿಸಿದವನು ಅದನ್ನು ಮತ್ತೆ ನೋಡಲಿಲ್ಲ. ಅರ್ಜೆಂಟೀನದಲ್ಲಿ ಆತನು 1930ರಲ್ಲಿ ಕೈಗೊಂಡ ಕೆಲಸವಂತೂ ಬಿಡಕಿನ್ನಿನ ನಮ್ಮ ಬಾಲಕನಿಗೆ ಉತ್ತರ ಹೇಳುವಂತಹುದು. ಬ್ಯುನೋಸ್ ಐರೀಸ್ ನಗರದ ಬಳಿ ಜಾಕಿ ಸಂಘದವರು ತೋರಿಸಿದ ನೆಲವು ಅಂಗೈಯಷ್ಟು ಚಪ್ಪಟೆ. ಮಳೆ ಬಂದರೆ ನೀರು ಹರಿಯಲು ದಾರಿಯಿಲ್ಲ. ನೀರಿಗಾಗಿ ಕಾಲುವೆಗಳನ್ನು ಹೇಗೂ ತೋಡಲೇಬೇಕಾಗಿದ್ದಿತು. ಮೆಕೆಂಝಿಯು ಅವನ್ನು ನೇರವಾಗಿ ತೋಡಿಸದೆ, ಹಳ್ಳವು ತಾನಾಗಿ ಕೊರೆದಂತೆ ಅಂಕುಡೊಂಕಾದ, ಇಳಿಜಾರು ಅಂಚಿನ ತಗ್ಗುಗಳನ್ನಾಗಿ ಮಾಡಿಸಿದನು. ತೆಗೆದ ಮಣ್ಣನ್ನು ಹೊರಗೆ ಸಾಗಿಸದೆ ಪಕ್ಕದಲ್ಲಿಯೇ ಗುಡ್ಡೆಗಳಾಗಿ ಹರಡಿಸಿದನು. ನೀರು ಹರಿಯಿತು; ನೆಲಕ್ಕೆ ಏರುತಗ್ಗು ಬಂದಿತು; ಎರಡಕ್ಕೂ ಖರ್ಚು ಒಂದೇ. ಕರಿಮಣ್ಣಿನ ಹೊಲದಲ್ಲಿ ಮಳೆನೀರು ನಿಂತು ಹತ್ತಿಯ ಬೇರು ಕೊಳೆಯುವುದನ್ನು ಕಂಡ ಬಿಡಕಿನ್ನಿನ ರೈತನಿಗೆ ಈ ಜಾಣ್ಮೆ ಕ್ಷಣದಲ್ಲಿ ಅರ್ಥವಾದೀತು.

ಕಣ್ಣನ್ನು ವಂಚಿಸುವ ಆತನ ಕೌಶಲಕ್ಕೂ ಒಂದು ನಿದರ್ಶನ ಕೊಡೋಣ. ಹಸುರುಹಾಸಿಗೆ ಮೂವತ್ತು ಗಜ ಈಚೆಗೆ ಒಂದು ಬಂಕರಿನ ಅಂಚನ್ನು ಸ್ವಲ್ಪ ಎತ್ತರಿಸಿದರೆ, ನಡುವಿನ ನೆಲವು ಮರೆಯಾಗಿ ಎರಡೂ ಅಂಟಿಕೊಂಡಂತೆ ಕಾಣುತ್ತವೆ. ಆಟಗಾರನು ದೂರವನ್ನು ತಪ್ಪಾಗಿ ಎಣಿಸಿ ಅಳುಕುತ್ತಾನೆ. ದಾಟಿ ಹೋಗಿ ನೋಡಿದರೆ ಧಾರಾಳವಾದ ಜಾಗ! ಆತನ ಬಂಕರುಗಳು ನೋಡಲು ಘೋರವಾಗಿಯೂ ಆಡಲು ಸೌಮ್ಯವಾಗಿಯೂ ಇರುತ್ತಿದ್ದವು. ಹೆದರಿಕೆ ದೊಡ್ಡದು, ಹಾನಿ ಸಣ್ಣದು. ಅದನ್ನು ದಾಟಿದ ಸಾಮಾನ್ಯನಿಗೆ ತಾನೊಂದು ಪರ್ವತವನ್ನೇ ಗೆದ್ದಂತಹ ಹಿಗ್ಗು.

ಅಮೆರಿಕದ ಕ್ಯಾಲಿಫೋರ್ನಿಯ ಸಂಸ್ಥಾನದಲ್ಲಿ ಆತನಿಗೆ ಒದಗಿದ ದೊಡ್ಡ ಬೆಂಬಲವೆಂದರೆ ಮೇರಿಯನ್ ಹಾಲಿನ್ಸ್ ಎಂಬ ಮಹಿಳೆಯದು. ಆಕೆ 1921ರಲ್ಲಿ ಅಮೆರಿಕದ ಮಹಿಳಾ ಗಾಲ್ಫ್ ಸ್ಪರ್ಧೆಯನ್ನು ಗೆದ್ದವಳು. ಹೆಂಗಸರು ನೆಲ ಕೊಂಡು ಊರು ಕಟ್ಟಿಸುವ ವ್ಯವಹಾರಕ್ಕೆ ಇಳಿಯದ ಕಾಲದಲ್ಲಿ ಧೈರ್ಯವಾಗಿ ಇಳಿದವಳು. ಸೈಪ್ರೆಸ್ ಪಾಯಿಂಟ್ ಎಂಬ ಕಡಲಂಚಿನಲ್ಲಿ ಆಕೆಯ ಮುಂದಾಳುತನದಲ್ಲಿ ಕಟ್ಟಿದ ನೆಲವು 1928ರಲ್ಲಿ ತೆರೆಯಿತು. ಅಲ್ಲಿನ 16ನೆಯ ಕುಳಿಗೆ ಚೆಂಡು ಸಮುದ್ರದ ಒಂದು ತೋಳನ್ನೇ ದಾಟಿ ಹೋಗಬೇಕು. ಇಷ್ಟು ದೂರ ಯಾರು ಹೊಡೆದಾರೆಂದು ಸಂಶಯ ಬಂದಾಗ ಹಾಲಿನ್ಸಳೇ ನಿಂತು ಚೆಂಡನ್ನು ಆಚೆಗೆ ಹಾರಿಸಿ ತೋರಿಸಿದಳೆಂಬ ಕಥೆಯಿದೆ. ಆ ಕುಳಿಯ ಕೀರ್ತಿ ಆಕೆಗೇ ಸಲ್ಲಬೇಕೆಂದು ಮೆಕೆಂಝಿಯು ಒಪ್ಪಿದ್ದನು. ಅಲ್ಲಿಯೂ ದುರ್ಬಲನಿಗೆ ಎಡಗಡೆಯ ನೆಲದ ಮೇಲೆ ಸುತ್ತುದಾರಿಯಿದೆಯೆಂದು ಬೇರೆ ಹೇಳಬೇಕಾಗಿಲ್ಲ.

ಅದಾದ ಮೇಲೆ ಸಾಂತಾ ಕ್ರೂಜ್ ಪಟ್ಟಣದ ಬೆಟ್ಟದ ತಪ್ಪಲಿನಲ್ಲಿ ಹಾಲಿನ್ಸಳು ಪಾಸಾಟಿಯೆಂಪೊ ಎಂಬ ಕಂಟ್ರಿ ಕ್ಲಬ್ಬನ್ನು ಕಟ್ಟಿಸಿದಳು. ಹಳ್ಳಗಳೂ ಕಣಿವೆಗಳೂ ತುಂಬಿದ ನೆಲ. ಸುತ್ತ ಮನೆಗಳು, ಕುದುರೆ ಸವಾರಿಯ ದಾರಿಗಳು, ನಡುವೆ ಗಾಲ್ಫ್. 1929ರ ಸೆಪ್ಟೆಂಬರ್ 8ರಂದು ಅದರ ಆರಂಭೋತ್ಸವ. ಅಂದು ಹಾಲಿನ್ಸಳೊಡನೆ ಆಡಿದವರಲ್ಲಿ ಬಾಬಿ ಜೋನ್ಸ್ ಎಂಬ ಯುವಕನಿದ್ದನು. ಆತನು ಆ ಕಾಲದ ಗಾಲ್ಫ್ ಲೋಕದ ಚಕ್ರವರ್ತಿ. ಆದರೆ ಹಣಕ್ಕಾಗಿ ಆಡದ ವಕೀಲ. ಹತ್ತಿರದಲ್ಲಿಯೇ ನಡೆಯುತ್ತಿದ್ದ ದೊಡ್ಡ ಸ್ಪರ್ಧೆಯ ಮೊದಲ ಸುತ್ತಿನಲ್ಲಿ ಯಾರೂ ನಿರೀಕ್ಷಿಸದಂತೆ ಸೋತು ಬಿಡುವಾದುದರಿಂದ ಜೋನ್ಸನಿಗೆ ಮೆಕೆಂಝಿಯ ನೆಲಗಳನ್ನು ನೋಡುವ ಅವಕಾಶ ಸಿಕ್ಕಿತು. ಆ ಸೋಲು ಇಲ್ಲದಿದ್ದರೆ ಮುಂದಿನ ಕಥೆ ಬೇರೆಯಾಗುತ್ತಿದ್ದಿತೋ ಏನೋ. ಮೆಕೆಂಝಿಯು ಇದೇ ಪಾಸಾಟಿಯೆಂಪೊದಲ್ಲಿ, ಆರನೆಯ ಹುಲ್ಲುಹಾದಿಯ ಬದಿಯಲ್ಲಿ ಮನೆಮಾಡಿಕೊಂಡು ನೆಲೆಸಿದನು.

ಜೋನ್ಸನು 1930ರಲ್ಲಿ ಒಂದೇ ವರ್ಷ ನಾಲ್ಕು ಮಹಾಸ್ಪರ್ಧೆಗಳನ್ನೂ ಗೆದ್ದು, 28ನೆಯ ವಯಸ್ಸಿನಲ್ಲಿ ಸ್ಪರ್ಧೆಗಳಿಗೆ ವಿದಾಯ ಹೇಳಿದನು. ಜಾರ್ಜಿಯ ಸಂಸ್ಥಾನದ ಅಗಸ್ಟ ಎಂಬಲ್ಲಿ ಬೆಲ್ಜಿಯಮ್ಮಿನಿಂದ ಬಂದ ಕುಟುಂಬವೊಂದು ಬೆಳೆಸಿದ್ದ ಹಳೆಯ ಸಸ್ಯೋದ್ಯಾನವಿದ್ದಿತು, 365 ಎಕರೆ. ಅದನ್ನು ಕೊಂಡು ತನ್ನ ಕನಸಿನ ನೆಲವನ್ನು ಮಾಡಬೇಕೆಂದು ಬಯಸಿ ಮೆಕೆಂಝಿಯನ್ನು ಕರೆಸಿದನು. ಇಬ್ಬರೂ ಸೇಂಟ್ ಆಂಡ್ರೂಸಿನ ಭಕ್ತರು. ಜಗತ್ತಿನ ಮೊದಲ ಆಟಗಾರನೂ ಸಾಧಾರಣ ಆಟಗಾರನಾದ ವೈದ್ಯನೂ ಇಳಿಜಾರುಗಳಲ್ಲಿ ಜೊತೆಯಾಗಿ ನಡೆದು, ಒಬ್ಬನು ಚೆಂಡು ಹೊಡೆದು ನೋಡುತ್ತ, ಇನ್ನೊಬ್ಬನು ಗುರುತು ಹಾಕುತ್ತ ಯೋಜನೆಯನ್ನು ಸಿದ್ಧಪಡಿಸಿದರು. ಅಗಲವಾದ ಹುಲ್ಲುಹಾದಿಗಳು, ಒರಟು ಹುಲ್ಲು ಇಲ್ಲವೆನ್ನುವಷ್ಟು ಕಡಮೆ, ಬಂಕರುಗಳು ಇಡೀ ನೆಲಕ್ಕೆ 22 ಮಾತ್ರ. ಉಳಿದುದನ್ನೆಲ್ಲ ನೆಲದ ಏರುತಗ್ಗೇ ಮಾಡುತ್ತಿದ್ದಿತು. ಇಂದು 13ನೆಯದೆನಿಸಿದ ಕುಳಿಯಲ್ಲಿ ಹಾದಿಯು ಎಡಕ್ಕೆ ತಿರುಗುತ್ತದೆ. ಹಳ್ಳವೊಂದು ಎಡದ ಅಂಚಿನಲ್ಲಿಯೇ ಹರಿದು ಬಂದು ಹಸುರುಹಾಸಿನ ಮುಂದೆ ಅಡ್ಡವಾಗುತ್ತದೆ. ಹಳ್ಳದ ಬದಿಗೆ ಧೈರ್ಯದಿಂದ ಹೊಡೆದವನಿಗೆ ಎರಡನೆಯ ಹೊಡೆತಕ್ಕೆ ಗುರಿ ಹತ್ತಿರ. ಬಲಕ್ಕೆ ಸರಿದವನು ಮೂರರಲ್ಲಿ ಸೇರಬಹುದು. ಆ ಹಳ್ಳವನ್ನು ಅಲ್ಲಿ ಹರಿಸಿದವನು ಮೆಕೆಂಝಿಯಲ್ಲ. ಅದು ಇದ್ದಲ್ಲಿಗೆ ದಾರಿಯನ್ನು ತಂದುದು ಆತನ ಕೆಲಸ.

ಆದರೆ ಕಾಲ ಕೆಟ್ಟಿದ್ದಿತು. 1929ರ ಅಕ್ಟೋಬರಿನಲ್ಲಿ ಅಮೆರಿಕದ ಷೇರುಪೇಟೆ ಕುಸಿದು ಮಹಾ ಆರ್ಥಿಕ ಮುಗ್ಗಟ್ಟು ಆರಂಭವಾದುದನ್ನು ನೀವು ಪಾಠದಲ್ಲಿ ಓದಿದ್ದೀರಿ. ಅಗಸ್ಟ ಸಂಘಕ್ಕೆ ಸದಸ್ಯರು ಸೇರಲಿಲ್ಲ. ಮೆಕೆಂಝಿಗೆ ಹತ್ತು ಸಾವಿರ ಡಾಲರೆಂದು ಹೇಳಿದ್ದ ಸಂಭಾವನೆ ಐದು ಸಾವಿರಕ್ಕೆ ಇಳಿಯಿತು. ಕೈಗೆ ಬಂದುದು ಎರಡು ಸಾವಿರ. ಬಾಕಿಯಲ್ಲಿ ಸ್ವಲ್ಪವನ್ನಾದರೂ ಕಳುಹಿಸಬೇಕೆಂದು ಆತನು ಪತ್ರಗಳನ್ನು ಬರೆದನು. ನಾಲ್ಕು ಖಂಡಗಳಲ್ಲಿ ಸಿರಿವಂತರ ವಿನೋದಕ್ಕಾಗಿ ನೆಲ ರೂಪಿಸಿದವನು ಮನೆಯ ಖರ್ಚಿಗೆ ಪರದಾಡಿದನೆಂದರೆ ನಂಬುವುದು ಕಷ್ಟ. ಹುಲ್ಲು ಬೆಳೆದು ಸಿದ್ಧವಾದ ಅಗಸ್ಟವನ್ನು ಆತನು ಕಣ್ಣಿನಿಂದ ಕಾಣಲೇ ಇಲ್ಲ.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ದುರ್ಬಲನಿಗೂ ದಾರಿಯಿರುವಂತೆ ರೂಪಿಸಿದ ಅದೇ ಅಗಸ್ಟದಲ್ಲಿ ಕಪ್ಪುಜನರು ಬಹುಕಾಲ ಚೀಲ ಹೊರುವವರಾಗಿ ಮಾತ್ರ ಇದ್ದರು. ಅವರಲ್ಲೊಬ್ಬನು ಸದಸ್ಯನಾದುದು 1990ರಲ್ಲಿ. ಮಹಿಳೆಯರಿಗೆ ಸದಸ್ಯತ್ವ ದೊರೆತುದು 2012ರಲ್ಲಿ. ಒಳಗಿನ ಹಾದಿ ಎಷ್ಟು ಅಗಲವಾಗಿದ್ದರೇನು, ಬಾಗಿಲು ಕಿರಿದಾಗಿದ್ದಿತು. ಬಾಗಿಲು ಮೆಕೆಂಝಿಯ ಕೈಯಲ್ಲಿರಲಿಲ್ಲ ನಿಜ. ಆದರೆ ಆತನ ಎಲ್ಲ ನೆಲಗಳೂ ಹೀಗೆಯೇ ಇರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ ನಗರಸಭೆಗಾಗಿ ಕಡಲ ತೀರದ ಶಾರ್ಪ್ ಪಾರ್ಕಿನಲ್ಲಿ ಆತನು ರೂಪಿಸಿದ ನೆಲವು 1932ರಲ್ಲಿ ತೆರೆಯಿತು. ಅದು ಸಾರ್ವಜನಿಕರದು, ಇಂದಿಗೂ ಅಲ್ಲಿ ಅಲ್ಪ ಹಣ ತೆತ್ತು ಯಾರು ಬೇಕಾದರೂ ಆಡುತ್ತಾರೆ. ಪಾಸಾಟಿಯೆಂಪೊದಲ್ಲಿಯೂ ಹೊರಗಿನವರಿಗೆ ಪ್ರವೇಶವುಂಟು, ಹಣ ಮಾತ್ರ ಹೆಚ್ಚು. ಅಗಸ್ಟವನ್ನು ಲೋಕವೇ ದೂರದರ್ಶನದಲ್ಲಿ ನೋಡುತ್ತದೆ. ನಮಗಾದರೋ ಶಾರ್ಪ್ ಪಾರ್ಕನ್ನು ನೋಡಬೇಕೆಂಬ ಆಸೆ ಹೆಚ್ಚು.

1934ನೆಯ ಜನವರಿ 6ರಂದು ಸಾಂತಾ ಕ್ರೂಜಿನಲ್ಲಿ ಅಲಿಸ್ಟರ್ ಮೆಕೆಂಝಿಯು ತೀರಿಕೊಂಡನು. ವಯಸ್ಸು 63. ಆತನ ಬೂದಿಯನ್ನು ವಿಮಾನದಿಂದ ಪಾಸಾಟಿಯೆಂಪೊದ ಹುಲ್ಲುಹಾದಿಗಳ ಮೇಲೆ ಚೆಲ್ಲಿದರು. ಎರಡೂವರೆ ತಿಂಗಳ ನಂತರ, ಅದೇ ಮಾರ್ಚಿನಲ್ಲಿ, ಇಂದು ಮಾಸ್ಟರ್ಸ್ ಎಂದು ಜಗದ್ವಿಖ್ಯಾತವಾಗಿರುವ ಸ್ಪರ್ಧೆಯು ಅಗಸ್ಟದಲ್ಲಿ ಮೊದಲ ಬಾರಿಗೆ ನಡೆಯಿತು. ಆಮೇಲೆ ಅಲ್ಲಿನ ಮೊದಲ ಒಂಬತ್ತು ಕುಳಿಗಳನ್ನು ಕೊನೆಗೂ, ಕೊನೆಯ ಒಂಬತ್ತನ್ನು ಮೊದಲಿಗೂ ಬದಲಾಯಿಸಿದರು, ಬಂಕರುಗಳನ್ನು ಹೆಚ್ಚಿಸಿದರು, ಆಟಗಾರರ ಹೊಡೆತ ಉದ್ದವಾದಂತೆ ಹಾದಿಗಳನ್ನೂ ಉದ್ದ ಮಾಡಿದರು.

ಮುಗ್ಗಟ್ಟಿನ ಆ ಕೊನೆಯ ವರ್ಷಗಳಲ್ಲಿ, ಕೆಲಸ ಕಡಮೆಯಾಗಿ ಬಿಡುವು ಹೆಚ್ಚಾದಾಗ, ಆತನು ಮತ್ತೊಂದು ಪುಸ್ತಕವನ್ನು ಬರೆದು ಮುಗಿಸಿದ್ದನು. ಅದು ಅಚ್ಚಾಗಲಿಲ್ಲ, ಹಸ್ತಪ್ರತಿ ಎಲ್ಲಿದೆಯೆಂಬುದು ಕೂಡ ಮರೆತುಹೋಯಿತು. ಅರುವತ್ತು ವರ್ಷಗಳ ಮೇಲೆ ಕುಟುಂಬದವರ ಹಳೆಯ ಕಾಗದಗಳ ನಡುವೆ ಅದು ಸಿಕ್ಕಿ, 1995ರಲ್ಲಿ ಪ್ರಕಟವಾಯಿತು. ಸೇಂಟ್ ಆಂಡ್ರೂಸಿನ ಚೈತನ್ಯ ಎಂಬ ಅರ್ಥದ ಹೆಸರನ್ನು ಅದಕ್ಕೆ ಇಟ್ಟಿದ್ದಾರೆ.